48–6ರ ಪಂದ್ಯದಲ್ಲಿ ಮುರಿದ ಕುತ್ತಿಗೆ: ಡೆವನ್ ಗೇಲ್ಸ್ ಪ್ರಕರಣ

2015ರ ಸೆಪ್ಟೆಂಬರ್ 26, ಶನಿವಾರ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನಲ್ಲಿ ಯೂನಿವರ್ಸಿಟಿ ಆಫ್ ಜಾರ್ಜಿಯಾ ಮತ್ತು ಸದರ್ನ್ ಯೂನಿವರ್ಸಿಟಿ ನಡುವೆ ಫುಟ್‌ಬಾಲ್ ಪಂದ್ಯ. ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿ ಮೈಗೆ ಮೈ ಗುದ್ದಿ ಆಡುವ ಅಮೆರಿಕನ್ ಫುಟ್‌ಬಾಲ್. ಜಾರ್ಜಿಯಾ ಆಗ ದೇಶದ ಮೊದಲ ಹತ್ತು ತಂಡಗಳಲ್ಲಿ ಒಂದು. ಅದರ ಸ್ಯಾನ್‌ಫರ್ಡ್ ಸ್ಟೇಡಿಯಂನಲ್ಲಿ 92,000ಕ್ಕೂ ಹೆಚ್ಚು ಜನ ಕೂರಬಹುದು. ಸದರ್ನ್ ಬಂದದ್ದು ಲೂಸಿಯಾನಾದ ಬ್ಯಾಟನ್ ರೂಜ್‌ನಿಂದ. ಕಪ್ಪು ಜನಾಂಗದವರ ಶಿಕ್ಷಣಕ್ಕಾಗಿ 1880ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ಮೂರನೇ ಕ್ವಾರ್ಟರ್‌ನಲ್ಲಿ ಜಾರ್ಜಿಯಾ ಚೆಂಡನ್ನು ಒದ್ದು ಕಳಿಸಿತು. ಸದರ್ನ್ ಕಡೆಯಿಂದ ಎದುರಾಳಿಗಳನ್ನು ತಡೆಯಲು ಓಡಿದವರಲ್ಲಿ ಡೆವನ್ ಗೇಲ್ಸ್ ಒಬ್ಬರು. ಡಿಕ್ಕಿಯಾಯಿತು. ಗೇಲ್ಸ್ ಬಿದ್ದವರು ಮೇಲೇಳಲಿಲ್ಲ. ಕುತ್ತಿಗೆಯ ಮೂಳೆ ಮುರಿದಿತ್ತು. ಕಾಲುಗಳ ಸ್ವಾಧೀನ ಹೋಗಿತ್ತು. ಪಂದ್ಯ 48–6ಕ್ಕೆ ಮುಗಿಯಿತು.

ಬಲಶಾಲಿ ತಂಡದ ಎದುರು ಆಡಿದರೆ ಗಾಯದ ಅಪಾಯ ಹೆಚ್ಚುತ್ತದೆಯೇ? ಕಾಲೇಜು ಫುಟ್‌ಬಾಲ್ ನೋಡುವವರು ತುಂಬ ದಿನದಿಂದ ಕೇಳುತ್ತಿರುವ ಪ್ರಶ್ನೆ ಇದು. ಗೇಲ್ಸ್ ಪ್ರಕರಣ ನೋಡಿದ ಕೂಡಲೇ ಉತ್ತರ ಸಿಕ್ಕಿಬಿಟ್ಟಿತು ಅನ್ನಿಸುತ್ತದೆ. ದೊಡ್ಡ ತಂಡ, ಚಿಕ್ಕ ತಂಡ, 42 ಅಂಕಗಳ ಅಂತರ, ಚಿಕ್ಕ ತಂಡದ ಹುಡುಗನ ಕುತ್ತಿಗೆ ಮುರಿತ. ಇನ್ನೇನು ಬೇಕು? ಆದರೆ ಒಂದೊಂದೇ ಎಳೆ ಬಿಡಿಸುತ್ತಾ ಹೋದರೆ ಕತೆ ಅಷ್ಟು ನೇರವಾಗಿಲ್ಲ. ಅಪಾಯ ಇರುವುದು ಹೌದು. ಅದು ಬರುವ ದಾರಿ ಮಾತ್ರ ನಾವು ಅಂದುಕೊಂಡದ್ದಲ್ಲ.

ಈ ಪಂದ್ಯ ನಡೆದದ್ದೇಕೆ

ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೊದಲ ವಿಭಾಗದ ಫುಟ್‌ಬಾಲ್‌ನಲ್ಲಿ ಎರಡು ಹಂತಗಳಿವೆ. ಮೇಲಿನ ಹಂತ ಎಫ್‌ಬಿಎಸ್, ಕೆಳಗಿನದು ಎಫ್‌ಸಿಎಸ್. ಆಗಿನ ನಿಯಮದ ಪ್ರಕಾರ ಮೇಲಿನ ಹಂತದ ತಂಡ 85 ಆಟಗಾರರಿಗೆ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದಿತ್ತು. ಕೆಳಗಿನ ಹಂತದ ತಂಡಕ್ಕೆ 63 ಸ್ಕಾಲರ್‌ಶಿಪ್ ಮಾತ್ರ. ಅದನ್ನೇ ತುಂಡು ಮಾಡಿ ಹೆಚ್ಚು ಹುಡುಗರಿಗೆ ಹಂಚಬೇಕಿತ್ತು. ಜಾರ್ಜಿಯಾ ಮೇಲಿನ ಹಂತ, ಸದರ್ನ್ ಕೆಳಗಿನದು.

ಇಂಥ ಎರಡು ತಂಡಗಳನ್ನು ಒಂದೇ ಮೈದಾನಕ್ಕೆ ತರುವುದು ದುಡ್ಡು. ದೊಡ್ಡ ತಂಡಕ್ಕೆ ತನ್ನ ಊರಲ್ಲಿ ಇನ್ನೊಂದು ಪಂದ್ಯ ಬೇಕು, ಹೆಚ್ಚುಕಮ್ಮಿ ಖಚಿತವಾದ ಗೆಲುವು ಬೇಕು. ಚಿಕ್ಕ ಕಾಲೇಜಿಗೆ ಕ್ರೀಡಾ ವಿಭಾಗ ನಡೆಸಲು ಹಣ ಬೇಕು. ಇದಕ್ಕೆ ಅಲ್ಲಿ ಗ್ಯಾರಂಟಿ ಗೇಮ್ ಅನ್ನುತ್ತಾರೆ. ಸೋತರೂ ಗೆದ್ದರೂ ಬರುವ ತಂಡಕ್ಕೆ ಇಂತಿಷ್ಟು ಹಣ ಖಚಿತ. ಅಥೆನ್ಸ್‌ಗೆ ಬಂದದ್ದಕ್ಕೆ ಸದರ್ನ್‌ಗೆ ಗೊತ್ತಾಗಿದ್ದ ಮೊತ್ತ 6,50,000 ಡಾಲರ್. ಆಗಿನ ದರದಲ್ಲಿ ನಾಲ್ಕು ಕೋಟಿ ರೂಪಾಯಿಗೂ ಮೇಲೆ. ನಾಲ್ಕು ವರ್ಷ ಹಿಂದೆ, 2011ರಲ್ಲಿ, ಇದೇ ವಿಶ್ವವಿದ್ಯಾಲಯ ತಾನು ಹಣಕಾಸಿನ ತುರ್ತು ಸ್ಥಿತಿಯಲ್ಲಿದ್ದೇನೆ ಎಂದು ಘೋಷಿಸಿಕೊಂಡಿತ್ತು. ಜಾರ್ಜಿಯಾದ ಕ್ರೀಡಾ ವಿಭಾಗದ ವರ್ಷದ ಆದಾಯ ಆಗಲೇ 10 ಕೋಟಿ ಡಾಲರ್ ದಾಟಿತ್ತು. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದರೆ, ಸದರ್ನ್ ಆ ಪಂದ್ಯಕ್ಕೆ ಯಾಕೆ ಒಪ್ಪಿತು ಅಂತ ಬೇರೆ ಹೇಳಬೇಕಿಲ್ಲ.

ಇದಕ್ಕಿಂತ ಅತಿಯಾದ ಉದಾಹರಣೆಗಳೂ ಇವೆ. 2012ರಲ್ಲಿ ಸವಾನಾ ಸ್ಟೇಟ್ ತಂಡ ಸೆಪ್ಟೆಂಬರ್ 1ರಂದು ಒಕ್ಲಹೋಮಾ ಸ್ಟೇಟ್ ಎದುರು 84–0ರಿಂದ ಸೋತಿತು. ಮುಂದಿನ ವಾರವೇ ಫ್ಲೋರಿಡಾ ಸ್ಟೇಟ್ ಎದುರು 55–0. ಆ ಎರಡನೇ ಪಂದ್ಯ ಪೂರ್ತಿ ನಡೆಯಲೂ ಇಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ಸಿಡಿಲು ಮಿಂಚು ಶುರುವಾಗಿ ಅಲ್ಲಿಗೇ ನಿಲ್ಲಿಸಿದರು. ಎರಡೂ ಸೇರಿ ಕಾಲೇಜಿಗೆ ಬಂದದ್ದು 8,60,000 ಡಾಲರ್. ಮರುವರ್ಷ ಫ್ಲೋರಿಡಾ ಎ ಅಂಡ್ ಎಂ ತಂಡ ಒಹಾಯೋ ಸ್ಟೇಟ್ ಎದುರು 76–0ರಿಂದ ಸೋತು 9,00,000 ಡಾಲರ್ ತೆಗೆದುಕೊಂಡು ಹೋಯಿತು.

ನಮ್ಮ ಕಬಡ್ಡಿಯಲ್ಲಿ ತೂಕಕ್ಕೆ ಮಿತಿ ಇದೆ. ಮಿತಿ ದಾಟಿದವರನ್ನು ಅಂಕಣಕ್ಕೇ ಬಿಡುವುದಿಲ್ಲ. ಮೈಗೆ ಮೈ ತಾಗುವ ಆಟದಲ್ಲಿ ಇದು ಸಹಜ ಎಚ್ಚರಿಕೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಅಂಥ ಮಿತಿಯೇ ಇಲ್ಲ. 140 ಕೆ.ಜಿ. ತೂಕದವನೂ 80 ಕೆ.ಜಿ. ತೂಕದವನೂ ಒಂದೇ ಆಟದಲ್ಲಿ ಎದುರುಬದುರಾಗಬಹುದು. ಹಾಗಾಗಿ ಮೊದಲ ಅನುಮಾನ ಮೈತೂಕದ ಮೇಲೆ ಹೋಗುವುದು ಸಹಜವೇ.

ಡಿಕ್ಕಿ ಹೊಡೆದದ್ದು ಯಾರಿಗೆ

ಈ ಪ್ರಕರಣದ ತಿರುಳು ಇಲ್ಲಿದೆ. ಗೇಲ್ಸ್‌ಗೆ ಡಿಕ್ಕಿಯಾದದ್ದು ಜಾರ್ಜಿಯಾದ ಮುಂದಿನ ಸಾಲಿನಲ್ಲಿ ನಿಂತು ತಳ್ಳಾಡುವ ಯಾವುದೋ ದೈತ್ಯ ಲೈನ್‌ಮನ್ ಜೊತೆಯಲ್ಲ. ಆ ತಂಡದ ಕಿಕ್ಕರ್ ಜೊತೆ. ಅಂದರೆ ಚೆಂಡು ಒದೆಯುವವನ ಜೊತೆ. ಫುಟ್‌ಬಾಲ್ ತಂಡದಲ್ಲಿ ಅತಿ ಕಡಿಮೆ ಮೈತಾಗಿಸುವ ಆಟಗಾರ ಇದ್ದರೆ ಅದು ಕಿಕ್ಕರ್. ಅವನು ಚೆಂಡು ಒದ್ದು, ಉಳಿದವರೆಲ್ಲ ತಪ್ಪಿದರೆ ಕೊನೆಯ ಕಾವಲಿಗೆ ಇರಲಿ ಅಂತ ಹಿಂದಿನಿಂದ ಬರುತ್ತಾನೆ. ಸದರ್ನ್ ತಂಡದಲ್ಲೂ ಅಂಥ ಮೈಕಟ್ಟಿನ ಹುಡುಗರು ಬೇಕಾದಷ್ಟು ಇದ್ದರು. ಸದರ್ನ್ ತನ್ನದೇ ಹಂತದ ತಂಡದ ಎದುರು ಆಡಿದ್ದರೂ ಇಂಥ ಡಿಕ್ಕಿ ಆಗಬಹುದಿತ್ತು.

ಹಾಗಾದರೆ ಈ ಗಾಯಕ್ಕೆ ಎದುರಾಳಿಯ ಬಲ ಕಾರಣವಲ್ಲ ಅಂತ ಕೈತೊಳೆದುಕೊಳ್ಳಬಹುದೇ? ಅಷ್ಟು ಬೇಗ ಬೇಡ. ಮೊದಲು ಕಿಕಾಫ್ ಅಂದರೇನು ಅಂತ ನೋಡೋಣ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ತಂಡ ಅಂಕ ಗಳಿಸಿದ ಮೇಲೆ ಅದೇ ತಂಡ ಚೆಂಡನ್ನು ಎದುರಾಳಿಗೆ ಒದ್ದು ಕಳಿಸುತ್ತದೆ. ಒದ್ದ ತಂಡದವರು ಮೈದಾನದ ಉದ್ದಕ್ಕೂ ಪೂರ್ತಿ ವೇಗದಲ್ಲಿ ಓಡಿ ಬರುತ್ತಾರೆ. ಚೆಂಡು ಹಿಡಿದ ತಂಡದವರು ತಮ್ಮ ಓಟಗಾರನಿಗೆ ದಾರಿ ಮಾಡಲು ಅವರಿಗೆ ಎದುರಾಗುತ್ತಾರೆ. ಮಾಮೂಲಿ ಆಟದಲ್ಲಿ ಎರಡು ಸಾಲುಗಳ ನಡುವೆ ಒಂದು ಮೊಳದ ಅಂತರ ಇರುತ್ತದೆ. ತಳ್ಳಾಟ ಇದ್ದರೂ ವೇಗ ಕಡಿಮೆ. ಕಿಕಾಫ್‌ನಲ್ಲಿ ಹಾಗಲ್ಲ. ಮೂವತ್ತು ನಲವತ್ತು ಗಜ ಓಡಿ ವೇಗ ಪಡೆದ ಮೈಗಳು ತೆರೆದ ಜಾಗದಲ್ಲಿ ಬಂದು ಬಡಿಯುತ್ತವೆ. ತೂಕ ಎಷ್ಟು ಅನ್ನುವುದಕ್ಕಿಂತ ವೇಗ ಎಷ್ಟು ಅನ್ನುವುದೇ ಇಲ್ಲಿ ಮುಖ್ಯ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ತೂಕ ಎರಡು ಪಟ್ಟಾದರೆ ಎರಡೇ ಪಟ್ಟು.

ಕುತ್ತಿಗೆ ಮುರಿಯುವ ಬಗೆಯೂ ಸ್ವಲ್ಪ ಗೊತ್ತಿರಬೇಕು. ನೆಟ್ಟಗೆ ನಿಂತಾಗ ಕುತ್ತಿಗೆಯ ಮೂಳೆಗಳ ಸಾಲು ಸ್ವಲ್ಪ ಬಾಗಿರುತ್ತದೆ. ಹಾಗಾಗಿ ಪೆಟ್ಟು ಬಿದ್ದಾಗ ಅದು ಸ್ಪ್ರಿಂಗಿನಂತೆ ಬಳುಕಿ ತಡೆದುಕೊಳ್ಳುತ್ತದೆ. ತಲೆ ಸ್ವಲ್ಪ ತಗ್ಗಿದರೆ ಆ ಸಾಲು ನೇರವಾಗುತ್ತದೆ. ಆಗ ನೆತ್ತಿಗೆ ಬಿದ್ದ ಪೆಟ್ಟು ಬಳುಕಲು ಜಾಗವಿಲ್ಲದೆ ನೇರ ಮೂಳೆಗೇ ಹೋಗುತ್ತದೆ. ಅದಕ್ಕೇ 1976ರಲ್ಲಿ ಹೆಲ್ಮೆಟ್ ಮುಂದೆ ಮಾಡಿ ಗುದ್ದುವುದನ್ನು ನಿಷೇಧಿಸಿದರು. ಅದಾದ ಮೇಲೆ ಕೈಕಾಲು ಸ್ವಾಧೀನ ಕಳೆದುಕೊಳ್ಳುವಂಥ ಗಾಯಗಳು ತುಂಬ ಇಳಿದವು. ಆದರೆ ಓಡುತ್ತಾ ಬಂದವನು ಕೊನೆಯ ಗಳಿಗೆಯಲ್ಲಿ ತಲೆ ತಗ್ಗಿಸುವುದು ಬೇಕೆಂದೇ ಆಗಬೇಕಿಲ್ಲ. ಡಿಕ್ಕಿಗೆ ಮುಂಚೆ ಮೈ ತಾನಾಗಿ ಹಾಗೆ ಮಾಡುತ್ತದೆ. ವೇಗ ಹೆಚ್ಚಾದಷ್ಟೂ ಸರಿಮಾಡಿಕೊಳ್ಳಲು ಸಮಯ ಕಡಿಮೆ.

ಹೋಲಿಕೆಗೆ ಇನ್ನೊಂದು ಪ್ರಕರಣ

2010ರ ಅಕ್ಟೋಬರ್ 16. ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಆರ್ಮಿ ತಂಡಗಳ ಪಂದ್ಯ. ರಟ್ಗರ್ಸ್‌ನ ಎರಿಕ್ ಲಗ್ರ್ಯಾಂಡ್ ಕಿಕಾಫ್ ನಂತರ ಓಡಿ ಹೋಗಿ ಆರ್ಮಿಯ ಓಟಗಾರನನ್ನು ಹಿಡಿಯಲು ಹೋದರು. ಕುತ್ತಿಗೆಯ ಮೂರನೇ ಮತ್ತು ನಾಲ್ಕನೇ ಮೂಳೆ ಮುರಿದವು. ಕತ್ತಿನ ಕೆಳಗೆ ಸ್ವಾಧೀನ ಹೋಯಿತು.

ಈ ಪಂದ್ಯದಲ್ಲಿ ಎಲ್ಲವೂ ತಿರುವುಮುರುವು. ತಂಡಗಳು ಸಮಬಲದವು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ ರಟ್ಗರ್ಸ್ 23–20ರಿಂದ ಗೆದ್ದಿತು. ಗಾಯವಾದದ್ದು ಗೆದ್ದ ತಂಡದವನಿಗೆ. ಅದಕ್ಕಿಂತ ಮುಖ್ಯವಾಗಿ, ಇಬ್ಬರಲ್ಲಿ ದೊಡ್ಡ ಮೈಯವರು ಲಗ್ರ್ಯಾಂಡ್ ಅವರೇ. ಡಿಫೆನ್ಸ್ ಸಾಲಿನ ಆಟಗಾರ, 120 ಕೆ.ಜಿ.ಗೂ ಮೇಲೆ. ಎದುರಿಗಿದ್ದವನು ಚಿಕ್ಕ ಮೈಯ ಓಟಗಾರ. ಬಲಶಾಲಿಯ ಪೆಟ್ಟಿನಿಂದ ದುರ್ಬಲನಿಗೆ ಗಾಯ ಅನ್ನುವ ಸೂತ್ರ ಇಲ್ಲಿ ಹೊಂದುವುದೇ ಇಲ್ಲ. ಎರಡೂ ಪ್ರಕರಣಗಳಲ್ಲಿ ಎದ್ದು ಕಾಣುವ ಸಾಮ್ಯ ಕಿಕಾಫ್ ಒಂದೇ.

ಇದು ಎರಡು ಘಟನೆಗಳಿಂದ ಹುಟ್ಟಿದ ಅನಿಸಿಕೆಯಲ್ಲ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ 2015ರ ಪಂದ್ಯಗಳ ಲೆಕ್ಕ ನೋಡಿತು. ಒಟ್ಟು ಆಟದಲ್ಲಿ ಕಿಕಾಫ್ ಪಾಲು 6%. ಆದರೆ ತಲೆಗೆ ಪೆಟ್ಟಾಗಿ ಮಿದುಳು ಅಲುಗುವ ಕನ್‌ಕಷನ್‌ಗಳಲ್ಲಿ ಅದರ ಪಾಲು 21%. 2016ರಿಂದ ಲೀಗ್ ಚೆಂಡು ಒದೆಯುವ ಜಾಗವನ್ನು 35 ಗಜದ ಗೆರೆಯಿಂದ 40ಕ್ಕೆ ಮುಂದೆ ತಂದಿತು. ಚೆಂಡು ಕೊನೆಯ ವಲಯಕ್ಕೆ, ಅಂದರೆ ಮೈದಾನದ ತುದಿಯ ಪಟ್ಟಿಗೆ, ಹೋಗಿ ಬೀಳುವುದು ಜಾಸ್ತಿಯಾಯಿತು, ಓಡುವುದು ಕಡಿಮೆಯಾಯಿತು. 1,000 ಕಿಕಾಫ್‌ಗೆ ಸುಮಾರು 11 ಇದ್ದ ಕನ್‌ಕಷನ್ 2ಕ್ಕೆ ಇಳಿಯಿತು. ಐದೇ ಗಜ ಸರಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಕುತ್ತಿಗೆ ಮುರಿಯುವುದು ಬೇರೆ ಬಗೆಯ, ತೀರ ಅಪರೂಪದ ಗಾಯ. ಅದಕ್ಕೂ ಇದೇ ಅಂಕಿ ಅನ್ವಯಿಸುತ್ತದೆ ಅನ್ನಲಾಗದು. ಆದರೆ ಈ ಆಟದಲ್ಲಿ ಅಪಾಯ ಎಲ್ಲಿ ಗುಂಪುಗೂಡಿದೆ ಅನ್ನುವುದು ಇದರಿಂದ ಸ್ಪಷ್ಟ.

ಎದುರಾಳಿಯ ಬಲ ಒಳಬರುವ ಬಾಗಿಲು

ಈಗ ಮತ್ತೆ 48–6ಕ್ಕೆ ಬರೋಣ. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ವಲಯಕ್ಕೆ ಮುಟ್ಟಿಸುವುದು) ಮತ್ತು ಅದರ ನಂತರದ ಒದೆತಕ್ಕೆ 7 ಅಂಕ. ಚೆಂಡನ್ನು ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ 3. 48 ಅಂಕ ಬರಬೇಕಾದರೆ ಏಳೆಂಟು ಸಲ ಅಂಕ ಗಳಿಸಬೇಕು. ಪ್ರತಿ ಸಲವೂ ಗಳಿಸಿದ ತಂಡ ಎದುರಾಳಿಗೆ ಚೆಂಡು ಒದ್ದು ಕಳಿಸಬೇಕು. ಅರ್ಧ ಶುರುವಾಗುವಾಗಿನ ಕಿಕಾಫ್ ಬೇರೆ. ಅಂದರೆ ಆ ದಿನ ಸದರ್ನ್ ಹುಡುಗರು ಚೆಂಡು ಹಿಡಿಯುವ ಕಡೆ ಎಂಟರ ಆಸುಪಾಸು ಸಲ ನಿಲ್ಲಬೇಕಿತ್ತು. ಸದರ್ನ್ ಗಳಿಸಿದ 6 ಅಂಕದಿಂದ ಜಾರ್ಜಿಯಾ ಆ ಕಡೆ ನಿಂತದ್ದು ಎರಡು ಮೂರು ಸಲವಷ್ಟೇ.

ಇದೇ ನನಗೆ ಈ ಪ್ರಕರಣ ಕಲಿಸುವ ಮುಖ್ಯ ವಿಷಯ ಅನ್ನಿಸುತ್ತದೆ. ಬಲಶಾಲಿ ಎದುರಾಳಿ ಪ್ರತಿ ಪೆಟ್ಟನ್ನೂ ಹೆಚ್ಚು ಗಟ್ಟಿಯಾಗಿ ಹೊಡೆಯಬೇಕಿಲ್ಲ. ಅವನು ಅಂಕ ಗಳಿಸುತ್ತಾ ಹೋದರೆ ಸಾಕು. ಆಟದ ನಿಯಮವೇ ದುರ್ಬಲ ತಂಡವನ್ನು ಅತಿ ಅಪಾಯದ ಆಟಕ್ಕೆ ಮತ್ತೆ ಮತ್ತೆ ಕರೆತಂದು ನಿಲ್ಲಿಸುತ್ತದೆ. ಸೋಲು ಖಚಿತವಾದ ಮೇಲೂ. ಒದೆಯುವ ತಂಡದವರೂ ಅಷ್ಟೇ ಸಲ ಓಡಬೇಕು ಅನ್ನುವುದನ್ನೂ ಮರೆಯಬಾರದು. ಆ ದಿನದ ಡಿಕ್ಕಿಯಲ್ಲಿ ಜಾರ್ಜಿಯಾದ ಕಿಕ್ಕರ್ ಕೂಡ ಇದ್ದ. ಆದರೆ ದೊಡ್ಡ ತಂಡಕ್ಕೆ ಈ ಕೆಲಸ ಹಂಚಲು ಜನ ಜಾಸ್ತಿ. ಅಂತರ ಬೆಳೆದ ಮೇಲೆ ಮುಖ್ಯ ಆಟಗಾರರನ್ನು ಕೂರಿಸಿ ಬೆಂಚಿನವರನ್ನು ಇಳಿಸುತ್ತಾರೆ. 85ಕ್ಕೆ 63ರ ಲೆಕ್ಕ ಇಲ್ಲಿ ಕಚ್ಚುತ್ತದೆ. ಚಿಕ್ಕ ತಂಡದಲ್ಲಿ ಚೆಂಡು ಹಿಡಿಯುವ ರಿಸೀವರ್‌ಗಳೇ ಕಿಕಾಫ್‌ನಲ್ಲೂ ಅಡ್ಡ ನಿಲ್ಲಬೇಕಾಗುತ್ತದೆ. ಗೇಲ್ಸ್ ಕೂಡ ರಿಸೀವರ್.

ಕಿಕಾಫ್ ಒಂದೇ ಬಾಗಿಲಲ್ಲ. ಹಿಂದೆ ಬಿದ್ದ ತಂಡ ಬೇಗ ಅಂಕ ಗಳಿಸಲು ಚೆಂಡು ಎಸೆಯುತ್ತಾ ಹೋಗುತ್ತದೆ. ಎಸೆಯುವ ಕ್ವಾರ್ಟರ್‌ಬ್ಯಾಕ್ ನಿಂತಲ್ಲೇ ಪೆಟ್ಟು ತಿನ್ನುತ್ತಾನೆ. ಅವನಿಗೆ ಅಡ್ಡ ನಿಲ್ಲುವ ಸಾಲು ಬಲಶಾಲಿ ತಂಡದ ಎದುರು ಬೇಗ ಒಡೆಯುತ್ತದೆ. ಇಲ್ಲಿ ಮೈಬಲದ ಅಂತರ ನೇರವಾಗಿಯೇ ಕೆಲಸ ಮಾಡುತ್ತದೆ. ಮೂರು ಯತ್ನದಲ್ಲಿ ಹತ್ತು ಗಜ ದಾಟಲಾಗದ ತಂಡ ಪದೇ ಪದೇ ಚೆಂಡು ಒದ್ದು ಒಪ್ಪಿಸಬೇಕು. ಅದೂ ಉದ್ದ ಓಟದ, ತೆರೆದ ಮೈದಾನದ ಆಟವೇ.

ಇದಕ್ಕೆ ಎದುರಾದ ಅಂಶಗಳೂ ಇವೆ, ಅವು ಸಣ್ಣವಲ್ಲ. ದೊಡ್ಡ ತಂಡದ ಕಿಕ್ಕರ್ ಕಾಲು ಗಟ್ಟಿ ಇದ್ದರೆ ಚೆಂಡು ಕೊನೆಯ ವಲಯ ದಾಟಿ ಹೋಗುತ್ತದೆ, ಓಟವೇ ಇರುವುದಿಲ್ಲ. ಏಕಪಕ್ಷೀಯ ಪಂದ್ಯದ ಕೊನೆಯಲ್ಲಿ ಯಾರೂ ಜೀವ ಪಣಕ್ಕಿಟ್ಟು ಆಡುವುದಿಲ್ಲ. ಬಿಗಿಯಾದ ಪಂದ್ಯದಲ್ಲಿ, ಹಳೇ ಎದುರಾಳಿಯ ಮುಂದೆ, ಒಂದೊಂದು ಗಜಕ್ಕೂ ಹೆಚ್ಚು ಗುದ್ದಾಟ ನಡೆಯುತ್ತದೆ. ಮಂಡಿಯ ಲಿಗಮೆಂಟ್ ಹರಿಯುವಂಥ ಎಷ್ಟೋ ಗಾಯಗಳು ಯಾರೂ ಮುಟ್ಟದೆಯೇ ಆಗುತ್ತವೆ. ಅವಕ್ಕೆ ಎದುರಾಳಿ ಯಾರಾದರೇನು? ಇನ್ನೂ ಒಂದು ತೊಡಕು. ಗ್ಯಾರಂಟಿ ಗೇಮ್‌ಗಳು ಹೆಚ್ಚಾಗಿ ನಡೆಯುವುದು ಸೀಸನ್ ಶುರುವಾಗುವ ಸೆಪ್ಟೆಂಬರ್‌ನಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಆಗ ಸೆಕೆ. ಆಟಗಾರರ ಮೈ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಆ ತಿಂಗಳಲ್ಲಿ ಗಾಯ ಹೆಚ್ಚಾಯಿತು ಅಂದರೆ ಅದು ಎದುರಾಳಿಯಿಂದಲೋ, ಸೆಕೆಯಿಂದಲೋ?

ಲೆಕ್ಕ ಹಾಕುವುದೂ ಸುಲಭವಲ್ಲ. ಒಂದು ತಂಡ ವರ್ಷಕ್ಕೆ ಆಡುವುದು ಹನ್ನೆರಡರ ಸುತ್ತಮುತ್ತ ಪಂದ್ಯ. ಅದರಲ್ಲಿ ಇಂಥವು ಒಂದೋ ಎರಡೋ. ಯಾರಿಗೆ ಗಾಯವಾಗಿದೆ ಅಂತ ಕಾಲೇಜುಗಳು ಹೊರಗೆ ಹೇಳುವ ಕಡ್ಡಾಯ ತುಂಬ ಕಾಲ ಇರಲಿಲ್ಲ. ಬಿಗ್ ಟೆನ್ ಎಂಬ ಕಾಲೇಜು ತಂಡಗಳ ಗುಂಪು 2023ರಿಂದ, ಜಾರ್ಜಿಯಾ ಇರುವ ಎಸ್‌ಇಸಿ ಗುಂಪು 2024ರಿಂದ, ಯಾರು ಆಡುತ್ತಾರೆ ಯಾರು ಆಡುವುದಿಲ್ಲ ಅನ್ನುವ ಪಟ್ಟಿ ಕೊಡಲು ಶುರುಮಾಡಿದವು. ಅಂಕಿಗಳು ಬೇಕಿರುವುದು ಒಂದು ಪಂದ್ಯಕ್ಕೆ ಎಷ್ಟು ಗಾಯ ಅಂತಲ್ಲ. ಒಂದೊಂದು ಬಗೆಯ ಆಟಕ್ಕೆ ಎಷ್ಟು, ಆ ಆಟ ಎಷ್ಟು ಸಲ ನಡೆಯಿತು ಅಂತ. ಸುಮ್ನೆ ಒಟ್ಟು ಗಾಯ ಎಣಿಸಿದರೆ ಕಿಕಾಫ್‌ನ ಕತೆ ಅದರಲ್ಲಿ ಮುಚ್ಚಿಹೋಗುತ್ತದೆ.

ಗಾಯದ ನಂತರ

ಗೇಲ್ಸ್‌ರನ್ನು ಮೊದಲು ಅಥೆನ್ಸ್‌ನ ಆಸ್ಪತ್ರೆಗೆ ಸೇರಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿಂದ ಅಟ್ಲಾಂಟಾದ ಶೆಪರ್ಡ್ ಸೆಂಟರ್‌ಗೆ ಕರೆದೊಯ್ದರು. ಬೆನ್ನುಹುರಿ ಗಾಯದವರ ಪುನಶ್ಚೇತನಕ್ಕೆ ದೇಶದಲ್ಲೇ ಹೆಸರಾದ ಜಾಗ ಅದು. ಜಾರ್ಜಿಯಾದ ಕೋಚ್ ಮಾರ್ಕ್ ರಿಕ್ಟ್ ಆಸ್ಪತ್ರೆಗೆ ಹೋಗಿ ನೋಡಿದರು. ಕಿಕ್ಕರ್ ಕೂಡ ಹೋಗಿ ಭೇಟಿಯಾದ. ಮುಂದೆ ಜಾರ್ಜಿಯಾದ ಅಭಿಮಾನಿಗಳು, ಹಳೇ ಆಟಗಾರರು ಹಣ ಸೇರಿಸಿ ಗೇಲ್ಸ್ ಕುಟುಂಬಕ್ಕೆ ಅದೇ ರಾಜ್ಯದಲ್ಲಿ ವ್ಹೀಲ್‌ಚೇರ್ ಓಡಾಡುವಂಥ ಮನೆ ಕಟ್ಟಿಸಿಕೊಟ್ಟರು. ಗೇಲ್ಸ್ ಹೈಸ್ಕೂಲ್ ಹುಡುಗರಿಗೆ ಫುಟ್‌ಬಾಲ್ ಕೋಚಿಂಗ್ ಮಾಡತೊಡಗಿದರು.

ಎದುರು ತಂಡದ ಜನ ಇಷ್ಟು ಮಾಡಿದ್ದು ನಿಜಕ್ಕೂ ದೊಡ್ಡ ಮಾತು. ಅದನ್ನು ಕಡಿಮೆ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಬಲಶಾಲಿ ತಂಡದ ಮೈದಾನದಲ್ಲಿ ಬಿದ್ದರೆ ಒಂದು ಅನುಕೂಲವೂ ಉಂಟು. ತರಬೇತಾದ ವೈದ್ಯಕೀಯ ತಂಡ, ಆಂಬುಲೆನ್ಸ್, ಆಸ್ಪತ್ರೆ ಎಲ್ಲ ಹತ್ತಿರದಲ್ಲೇ ಸಜ್ಜಾಗಿರುತ್ತವೆ. ಕುತ್ತಿಗೆಯ ಗಾಯದಲ್ಲಿ ಮೊದಲ ಕೆಲವು ನಿಮಿಷ ತಲೆ ಅಲುಗಾಡದಂತೆ ಹಿಡಿಯುವುದೇ ಅರ್ಧ ಚಿಕಿತ್ಸೆ.

ಆದರೆ ಒಬ್ಬ ಆಟಗಾರನ ಮುಂದಿನ ಬದುಕು ಅಭಿಮಾನಿಗಳ ಒಳ್ಳೆಯತನದ ಮೇಲೆ ನಿಲ್ಲಬಾರದು. ಇಂಥ ದೊಡ್ಡ ಗಾಯಗಳಿಗೆ ಎನ್‌ಸಿಎಎ ವಿಮೆ ಇದೆ. ಆದರೆ ಅದು ಕೈಹಿಡಿಯುವುದು ಖರ್ಚು 90,000 ಡಾಲರ್ ದಾಟಿದ ಮೇಲೆ. ಅಲ್ಲಿವರೆಗಿನದನ್ನು ಕುಟುಂಬದ ವಿಮೆ ಅಥವಾ ಕಾಲೇಜಿನ ವಿಮೆ ನೋಡಿಕೊಳ್ಳಬೇಕು. ಗಾಯಾಳುವಿನ ಪಕ್ಕ ತಂದೆತಾಯಿ ಬೇರೆ ಊರಿನಲ್ಲಿ ತಿಂಗಳುಗಟ್ಟಲೆ ಉಳಿಯಬೇಕಾದರೆ ಕೆಲಸ ಬಿಡಬೇಕಾಗುತ್ತದೆ. ಆ ನಷ್ಟ ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಏನು ಬದಲಾಗಬಹುದು

ಗ್ಯಾರಂಟಿ ಗೇಮ್ ನಿಲ್ಲಿಸಿ ಅನ್ನುವವರ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಆ ಹಣ ನಿಂತರೆ ಚಿಕ್ಕ ಕಾಲೇಜುಗಳಲ್ಲಿ ಬೇರೆ ಕ್ರೀಡೆಗಳೂ ಮುಚ್ಚುತ್ತವೆ. ಆಟಗಾರರಿಗೂ ಆ ಪಂದ್ಯ ಬೇಕು. 2007ರಲ್ಲಿ ಆಪಲೇಚಿಯನ್ ಸ್ಟೇಟ್ ತಂಡ 4,00,000 ಡಾಲರ್ ತೆಗೆದುಕೊಂಡು ಮಿಷಿಗನ್‌ಗೆ ಹೋಗಿ, ಲಕ್ಷಕ್ಕೂ ಹೆಚ್ಚು ಜನರ ಮುಂದೆ 34–32ರಿಂದ ಗೆದ್ದು ಬಂತು. 2017ರಲ್ಲಿ ಹಾವರ್ಡ್ ಯೂನಿವರ್ಸಿಟಿ ಲಾಸ್ ವೇಗಾಸ್‌ಗೆ ಹೋಗಿ ಯುಎನ್‌ಎಲ್‌ವಿ ತಂಡವನ್ನು 43–40ರಿಂದ ಸೋಲಿಸಿತು. ಆ ಹುಡುಗರ ಕೈಯಿಂದ ಅಂಥ ದಿನ ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ.

ಬದಲಾಗಬೇಕಿರುವುದು ಕರಾರು ಪತ್ರ. ದಿನಾಂಕ, ಟಿಕೆಟ್, ಮೊತ್ತ ಬರೆಯುವ ಪತ್ರದಲ್ಲೇ ಇನ್ನೆರಡು ಮಾತು ಸೇರಿಸಬಹುದು. ಬಂದ ತಂಡದ ಆಟಗಾರನಿಗೆ ದೊಡ್ಡ ಗಾಯವಾದರೆ ವಿಮೆ ಶುರುವಾಗುವವರೆಗಿನ ಖರ್ಚು ಕರೆಸಿದ ತಂಡದ್ದು ಅಂತ ಒಂದು. 10 ಕೋಟಿ ಡಾಲರ್ ಆದಾಯದವರಿಗೆ 90,000 ಏನೇನೂ ಅಲ್ಲ. ಅಂತರ ಇಂತಿಷ್ಟು ದಾಟಿದರೆ ಸಮಯ ಕಡಿತ ಮಾಡಬೇಕು ಅಂತ ಇನ್ನೊಂದು. ಇಬ್ಬರು ಕೋಚ್‌ಗಳೂ ರೆಫರಿಯೂ ಒಪ್ಪಿದರೆ ಉಳಿದ ಕ್ವಾರ್ಟರ್‌ಗಳನ್ನು ಚಿಕ್ಕದು ಮಾಡಲು ನಿಯಮ ಈಗಲೂ ಬಿಡುತ್ತದೆ. ಸವಾನಾ ಸ್ಟೇಟ್ ಫ್ಲೋರಿಡಾದಲ್ಲಿ ಸೋಲುತ್ತಿದ್ದಾಗ ಗಡಿಯಾರ ನಿಲ್ಲಿಸದೆ ಓಡಿಸಿದ್ದೂ ಹೀಗೆ ಮಾತಾಡಿಕೊಂಡೇ. ಆದರೆ ಪಂದ್ಯದ ನಡುವೆ, ಸೋಲುತ್ತಿರುವ ಕೋಚ್ ತಾನಾಗಿ ಹೋಗಿ ಆ ಮಾತು ಕೇಳುವುದು ಎಷ್ಟು ಕಷ್ಟ ಅಲ್ವಾ? ಮೊದಲೇ ಕಾಗದದಲ್ಲಿದ್ದರೆ ಯಾರೂ ತಲೆ ತಗ್ಗಿಸಬೇಕಿಲ್ಲ.

ಇನ್ನೊಂದು ದಾರಿಗೆ ಕರಾರೂ ಬೇಡ. ಎನ್‌ಸಿಎಎ 2018ರಲ್ಲಿ ಒಂದು ನಿಯಮ ತಂದಿತು. ಕಿಕಾಫ್ ಹಿಡಿಯುವವನು ತನ್ನ 25 ಗಜದ ಗೆರೆಯ ಒಳಗೆ ಕೈ ಎತ್ತಿ ಸನ್ನೆ ಮಾಡಿ ಹಿಡಿದರೆ ಆಟ ಅಲ್ಲೇ ನಿಲ್ಲುತ್ತದೆ. ಚೆಂಡನ್ನು 25ರ ಗೆರೆಯಲ್ಲಿ ಕೊಡುತ್ತಾರೆ. 2015ರಲ್ಲಿ ಈ ಅವಕಾಶ ಇರಲಿಲ್ಲ. 2022ರ ಸೆಪ್ಟೆಂಬರ್ 10ರಂದು ಸದರ್ನ್ ತನ್ನದೇ ಊರಿನ ದೊಡ್ಡ ತಂಡ ಎಲ್‌ಎಸ್‌ಯು ಎದುರು ಮೊದಲ ಸಲ ಆಡಿ 65–17ರಿಂದ ಸೋತಿತು. ಗೇಲ್ಸ್ ಬಿದ್ದ ದಿನಕ್ಕಿಂತ ಅಂತರ ಜಾಸ್ತಿ, ಕಿಕಾಫ್‌ಗಳ ಸಂಖ್ಯೆಯೂ ಜಾಸ್ತಿಯೇ. ಆದರೆ ಆ ಹೊತ್ತಿಗೆ ಕೈ ಎತ್ತುವ ನಿಯಮ ಇತ್ತು. ಅಂತರ ಮೂವತ್ತು ದಾಟಿದ ಮೇಲೆ ಬಂದ ಪ್ರತಿ ಕಿಕಾಫ್‌ಗೂ ಕೈ ಎತ್ತಿ ಅಂತ ಕೋಚ್ ಪಂದ್ಯಕ್ಕೆ ಮುಂಚೆಯೇ ಹುಡುಗರಿಗೆ ಹೇಳಿಡಬಹುದು. ಅದರಿಂದ ತಂಡಕ್ಕೆ ತಪ್ಪುವುದು ಹೆಚ್ಚೆಂದರೆ ಕೆಲವು ಗಜ.